ಶ್ವಾಸಕೋಶದ ಹೈಡಾಟಿಡ್ ಗಡ್ಡೆ: ಕಲಬುರಗಿ, ಬೀದರ್, ಯಾದಗಿರಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಎಕ್ಸ್‌ರೇಯಲ್ಲಿ ಎದೆಯೊಳಗೆ ದುಂಡನೆಯ ನೆರಳು ಕಂಡಿದೆ. ಡಾಕ್ಟರು "ಹೈಡಾಟಿಡ್ ಸಿಸ್ಟ್ ಇರಬಹುದು" ಅಂದಿದ್ದಾರೆ. ಈ ಹೆಸರನ್ನು ಮನೆಯಲ್ಲಿ ಯಾರೂ ಕೇಳಿಲ್ಲ. ಆಡು, ಕುರಿ, ನಾಯಿ ಎಲ್ಲವೂ ಜಾಸ್ತಿ ಇರುವ ನಮ್ಮ ಮೂರು ಜಿಲ್ಲೆಗಳಲ್ಲಿ ಈ ಕಾಯಿಲೆಯ ಬಗ್ಗೆ ಎಲ್ಲರಿಗೂ ಗೊತ್ತಿರಬೇಕಿತ್ತು, ಆದರೆ ಹಾಗಿಲ್ಲ. ಅದಕ್ಕೇ ಈ ಪುಟ. ಇದನ್ನು ಓದಿ ಡಾಕ್ಟರ ಹತ್ತಿರ ಹೋಗಿ. ಓದಿದೆವು, ಇನ್ನು ಡಾಕ್ಟರು ಯಾಕೆ ಅಂತ ಮಾತ್ರ ಅಂದುಕೊಳ್ಳಬೇಡಿ.

ಹೈಡಾಟಿಡ್ ಗಡ್ಡೆ ಅಂದರೆ ಏನು? ಕ್ಯಾನ್ಸರಾ?

ಕ್ಯಾನ್ಸರ್ ಅಲ್ಲ. ಇದು ಒಂದು ಲಾಡಿಹುಳುವಿನ ಮರಿ ದೇಹದೊಳಗೆ ಕಟ್ಟಿಕೊಳ್ಳುವ ನೀರು ತುಂಬಿದ ಚೀಲ. ಹುಳುವಿನ ಹೆಸರು ಎಕಿನೊಕಾಕಸ್ ಗ್ರಾನುಲೋಸಸ್. ದೊಡ್ಡ ಹುಳು ಇರುವುದು ನಾಯಿಯ ಕರುಳಿನಲ್ಲಿ. ಅದರ ಉದ್ದ 3ರಿಂದ 7 ಮಿಲಿಮೀಟರ್ ಅಷ್ಟೇ. ಮನುಷ್ಯರ ಮೈಯಲ್ಲಿ ಈ ದೊಡ್ಡ ಹುಳು ಬೆಳೆಯುವುದಿಲ್ಲ, ಮರಿಯ ಚೀಲ ಮಾತ್ರ ಬೆಳೆಯುತ್ತದೆ.

ಚೀಲಕ್ಕೆ ಮೂರು ಪದರ. ಹೊರಗಿನದು ನಮ್ಮ ದೇಹವೇ ಸುತ್ತ ಕಟ್ಟುವ ಗೋಡೆ. ಒಳಗಿನ ಎರಡು ಹುಳುವಿನವು. ತೀರಾ ಒಳಗಿನ ತೆಳು ಪದರದಿಂದಲೇ ಹೊಸ ಮರಿಗಳು ಹುಟ್ಟುತ್ತವೆ. ಒಳಗಿನ ನೀರು ತಿಳಿಯಾಗಿರುತ್ತದೆ, ಆದರೆ ಅದರಲ್ಲಿ ಕಣ್ಣಿಗೆ ಕಾಣದ ಸಾವಿರಾರು ಮರಿತಲೆಗಳು, ಅಂದರೆ ಹುಳುವಿನ ಎಳೆ ಮರಿಗಳು, ಇರಬಹುದು. ಆಪರೇಷನ್‌ನಲ್ಲಿ ಆ ನೀರು ಚೆಲ್ಲದಂತೆ ಅಷ್ಟೊಂದು ಜೋಪಾನ ಮಾಡುವುದು ಇದೇ ಕಾರಣಕ್ಕೆ.

ಹುಳು ಎದೆಗೆ ಹೇಗೆ ಹೋಯಿತು?

ಬಾಯಿಯಿಂದ. ಹುಳು ಇರುವ ನಾಯಿಯ ಮಲದಲ್ಲಿ ಅದರ ತತ್ತಿಗಳು ಹೊರಬೀಳುತ್ತವೆ. ಅವು ಮಣ್ಣು, ಹುಲ್ಲು, ನೀರು, ತಪ್ಪಲು (ಸೊಪ್ಪು) ಎಲ್ಲದಕ್ಕೂ ಅಂಟುತ್ತವೆ. ನಾಯಿ ತನ್ನ ಮೈ ನೆಕ್ಕಿಕೊಂಡಾಗ ಕೂದಲಿಗೂ ಹತ್ತುತ್ತವೆ. ಅದೇ ಹುಲ್ಲನ್ನು ಕುರಿ ಮೇಯುತ್ತದೆ, ಕುರಿಯ ಕಲೇಜಿ ಮತ್ತು ಶ್ವಾಸಕೋಶದಲ್ಲಿ ಚೀಲ ಬೆಳೆಯುತ್ತದೆ. ಆ ಕುರಿಯನ್ನು ಕೊಯ್ದಾಗ ಚೀಲವಿದ್ದ ತುಂಡನ್ನು ನಾಯಿಗೆ ಎಸೆದರೆ ಹುಳು ಮತ್ತೆ ನಾಯಿಯ ಹೊಟ್ಟೆ ಸೇರುತ್ತದೆ. ಸುಮಾರು ಆರು ವಾರ ಕಳೆದ ಮೇಲೆ ಆ ನಾಯಿಯೂ ತತ್ತಿ ಹಾಕಲು ಶುರು ಮಾಡುತ್ತದೆ.

ಮನುಷ್ಯರು ಈ ಸುತ್ತಿನಲ್ಲಿ ಅಕಸ್ಮಾತ್ ಸಿಕ್ಕಿಬೀಳುವವರು. ತತ್ತಿ ಹೊಟ್ಟೆಗೆ ಹೋದರೆ ಸಣ್ಣಕರುಳಿನಲ್ಲಿ ಒಡೆದು ಮರಿ ಹೊರಬರುತ್ತದೆ. ಅದು ರಕ್ತನಾಳ ಹೊಕ್ಕು ಮೊದಲು ಕಲೇಜಿಗೆ, ಅಂದರೆ ಲಿವರ್‌ಗೆ, ಹೋಗುತ್ತದೆ. ಹೆಚ್ಚಿನವು ಅಲ್ಲೇ ನಿಲ್ಲುತ್ತವೆ. ಅದನ್ನು ದಾಟಿದವು ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುತ್ತವೆ. ದೊಡ್ಡವರಲ್ಲಿ ಲಿವರ್‌ನ ಗಡ್ಡೆ ಜಾಸ್ತಿ, ಶ್ವಾಸಕೋಶದ್ದು ಎರಡನೆಯ ಸ್ಥಾನ. ಮಕ್ಕಳಲ್ಲಿ ಮಾತ್ರ ಶ್ವಾಸಕೋಶದ ಗಡ್ಡೆಯೇ ಹೆಚ್ಚಾಗಿ ಕಾಣುತ್ತದೆ.

ನಾವು ಮಾಂಸ ಮುಟ್ಟುವುದೇ ಇಲ್ಲ. ನಮಗೆ ಹೇಗೆ ಬಂತು?

ಮಾಂಸ ತಿಂದರೆ ಮನುಷ್ಯರಿಗೆ ಈ ಕಾಯಿಲೆ ಬರುವುದೇ ಇಲ್ಲ. ಕುರಿಯ ಚೀಲ ಅಪಾಯ ತರುವುದು ನಾಯಿಗೆ. ನಮಗೆ ಅಪಾಯ ತರುವುದು ನಾಯಿಯ ಮಲದಲ್ಲಿರುವ ತತ್ತಿ. ಅದಕ್ಕೇ ಅಡುಗೆಮನೆಯಲ್ಲಿ ಎಂದೂ ಮಾಂಸ ಬೇಯಿಸದ ಮನೆಯವರಿಗೂ ಇದು ಬರುತ್ತದೆ.

ನಮ್ಮ ಊಟವನ್ನೇ ನೋಡಿ. ಜೋಳದ ರೊಟ್ಟಿ ಜೊತೆ ಹಸಿ ಮೆಂತ್ಯ, ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲು ಇಲ್ಲದೆ ನಮಗೆ ಊಟ ಸೇರುವುದಿಲ್ಲ. ಹೊಲಕ್ಕೆ ಹೋದವರು ಹಸಿ ಕಡಲೆ ಗಿಡ ಕಿತ್ತು ನಿಂತಲ್ಲೇ ತಿನ್ನುತ್ತಾರೆ. ಅದೇ ಹೊಲದಲ್ಲಿ ಹಿಂದಿನ ತಿಂಗಳು ಗೊಬ್ಬರಕ್ಕೆ ಅಂತ ಕುರಿ ತರುಬಿದ್ದರೆ, ಹಿಂಡಿನ ಜೊತೆ ನಾಯಿಗಳೂ ಇದ್ದೇ ಇರುತ್ತವೆ. ಹಸಿ ತಪ್ಪಲು ಬಿಡಿ ಅಂತ ನಾನು ಹೇಳುವುದಿಲ್ಲ. ಅದು ಒಳ್ಳೆಯ ಊಟ. ತೊಳೆಯುವ ರೀತಿ ಬದಲಾಗಬೇಕು, ಅದನ್ನು ಮುಂದೆ ಹೇಳಿದ್ದೇನೆ.

ಮನೆಯಲ್ಲಿ ಒಬ್ಬರಿಗೆ ಇದ್ದರೆ ಉಳಿದವರಿಗೆ ಅಂಟುತ್ತಾ?

ಇಲ್ಲ. ಕೆಮ್ಮಿನಿಂದ, ಎಂಜಲಿನಿಂದ, ಒಂದೇ ತಟ್ಟೆಯಲ್ಲಿ ಉಂಡರೆ, ಗಂಡ ಹೆಂಡತಿ ಕೂಡಿದರೆ, ಯಾವುದರಿಂದಲೂ ಹರಡುವುದಿಲ್ಲ. ಎದೆಹಾಲಿನಿಂದ ಮಗುವಿಗೂ ಹೋಗುವುದಿಲ್ಲ. ರೋಗಿಯ ತಟ್ಟೆ, ಹಾಸಿಗೆ ಬೇರೆ ಮಾಡುವುದು ಸುಮ್ನೆ ಅವರ ಮನಸ್ಸು ನೋಯಿಸಿದಂತೆ.

ಆದರೆ ಒಂದೇ ಮನೆಯವರು ಒಂದೇ ನಾಯಿಯ ಜೊತೆ, ಒಂದೇ ಹೊಲದ ತಪ್ಪಲು ತಿಂದು ಬೆಳೆದಿರುತ್ತಾರೆ. ಅಂದರೆ ಒಬ್ಬರಿಗೆ ತಗುಲಿದ ದಾರಿಯಲ್ಲೇ ಇನ್ನೊಬ್ಬರಿಗೂ ತಗುಲಿರಬಹುದು. ಮನೆಯವರಿಗೆ ಒಮ್ಮೆ ಹೊಟ್ಟೆಯ ಸ್ಕ್ಯಾನಿಂಗ್, ಎದೆಯ ಎಕ್ಸ್‌ರೇ ಬೇಕಾ ಅಂತ ಡಾಕ್ಟರನ್ನು ಕೇಳಿ. ಅದರಲ್ಲೂ ಮಕ್ಕಳಿಗೆ.

ಏನೇನು ತೊಂದರೆ ಕಾಣಿಸುತ್ತದೆ?

ಬಹಳ ಕಾಲ ಏನೂ ಇಲ್ಲ. ಗಡ್ಡೆ ಚಿಕ್ಕದಿದ್ದಾಗ ಶ್ವಾಸಕೋಶ ಅದಕ್ಕೆ ಜಾಗ ಬಿಟ್ಟುಕೊಡುತ್ತದೆ. ಲಿವರ್‌ಗಿಂತ ಶ್ವಾಸಕೋಶ ಮೆತ್ತಗಿರುವುದರಿಂದ ಇಲ್ಲಿ ಗಡ್ಡೆ ಬೇಗ ಬೆಳೆಯುತ್ತದೆ, ವರ್ಷಕ್ಕೆ 1ರಿಂದ 5 ಸೆಂಟಿಮೀಟರ್ ತನಕವೂ ಬೆಳೆದದ್ದುಂಟು. ಚಿಕ್ಕಂದಿನಲ್ಲಿ ಊರಲ್ಲಿ ತಗುಲಿದ್ದು, ಆ ಹುಡುಗ ದೊಡ್ಡವನಾಗಿ ಹೈದರಾಬಾದಿಗೋ ಪುಣೆಗೋ ದುಡಿಯಲು ಹೋದ ಮೇಲೆ ಹೊರಬೀಳಬಹುದು.

ದೊಡ್ಡದಾದ ಮೇಲೆ ಒಣ ಕೆಮ್ಮು, ಎದೆಯ ಒಂದು ಪಕ್ಕ ನೋವು, ಏದುಸಿರು, ಕಫದಲ್ಲಿ ರಕ್ತ ಬರುತ್ತವೆ. ಗಡ್ಡೆಯಲ್ಲಿ ಕೀವಾದರೆ ಜ್ವರ, ಗಬ್ಬು ವಾಸನೆಯ ಕಫ ಬರುತ್ತದೆ. ಬೇರೆ ಯಾವುದಕ್ಕೋ ಎಕ್ಸ್‌ರೇ ತೆಗೆಸಿದಾಗ ಅಕಸ್ಮಾತ್ ಸಿಗುವುದೂ ಉಂಟು. ಹಾಗೆ ಸಿಕ್ಕರೆ ಅದೃಷ್ಟ, ಏಕೆಂದರೆ ಒಡೆಯುವ ಮೊದಲೇ ಸಿಕ್ಕಿದೆ.

ಕೆಮ್ಮಿದಾಗ ಬಾಯಿ ತುಂಬ ಉಪ್ಪುಪ್ಪಾದ ನೀರು ಬಂತು. ಜೊತೆಗೆ ಬಿಳಿ ಸಿಪ್ಪೆಯಂಥದ್ದೂ ಇತ್ತು. ಏನದು?

ಗಡ್ಡೆ ಒಡೆದು ಶ್ವಾಸನಾಳಕ್ಕೆ ದಾರಿ ಮಾಡಿಕೊಂಡಿರಬಹುದು. ಆ ನೀರು ಗಡ್ಡೆಯೊಳಗಿನದು. ದ್ರಾಕ್ಷಿ ಸಿಪ್ಪೆಯ ಹಾಗೆ ಕಾಣುವುದು ಹುಳುವಿನ ಪೊರೆ. ಇದಕ್ಕೆ ತಡ ಮಾಡಬಾರದು, ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಿ.

ರೋಗಿಯನ್ನು ಕೂರಿಸಿ, ಕೆಮ್ಮಿ ಉಗುಳಲು ಬಿಡಿ. ನುಂಗಬಾರದು. ಬಂದ ಪೊರೆಯನ್ನು ಎಸೆಯಬೇಡಿ. ಶುಭ್ರವಾದ ಡಬ್ಬಿಯಲ್ಲಿ ಹಾಕಿ ಮುಚ್ಚಿ ಡಾಕ್ಟರಿಗೆ ಕೊಡಿ. ಅದನ್ನು ಲ್ಯಾಬಿನಲ್ಲಿ ನೋಡಿದರೆ ಕಾಯಿಲೆ ಯಾವುದು ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಎಷ್ಟೋ ಸ್ಕ್ಯಾನ್‌ಗಳಿಗಿಂತ ಅದು ದೊಡ್ಡ ಸಾಕ್ಷಿ.

ಮೈಯೆಲ್ಲ ದದ್ದು ಎದ್ದು ತುರಿಕೆ, ತುಟಿ ಮುಖ ಊದುವುದು, ತಲೆ ಸುತ್ತಿ ಬೀಳುವುದು, ಒಮ್ಮೆಲೇ ಉಸಿರು ಕಟ್ಟುವುದು, ಇವುಗಳಲ್ಲಿ ಯಾವುದಾದರೂ ಕಂಡರೆ 108ಕ್ಕೆ ಫೋನ್ ಮಾಡಿ. ಗಡ್ಡೆಯ ನೀರು ದೇಹಕ್ಕೆ ಒಗ್ಗದೆ ಜೀವಕ್ಕೆ ಕುತ್ತು ತರುವ ಅಲರ್ಜಿ ಆಗಬಹುದು. ಗಡ್ಡೆ ಶ್ವಾಸಕೋಶದ ಹೊರಗಿನ ಪೊರೆಯ ಕಡೆಗೆ ಒಡೆದರೆ ಎದೆಯೊಳಗೆ ಗಾಳಿ, ನೀರು ತುಂಬಿ ಶ್ವಾಸಕೋಶ ಕುಸಿಯಬಹುದು.

ಊರಲ್ಲಿ ಟಿ.ಬಿ. ಅಂದರು. ಮಾತ್ರೆ ಶುರು ಮಾಡಲಾ?

ಮೊದಲು ಕಫದ ಪರೀಕ್ಷೆ ಆಗಲಿ. ಕೆಮ್ಮು, ಕಫದಲ್ಲಿ ರಕ್ತ, ಎದೆನೋವು, ಎಕ್ಸ್‌ರೇಯಲ್ಲಿ ನೆರಳು, ಇಷ್ಟೂ ಎರಡೂ ಕಾಯಿಲೆಯಲ್ಲಿ ಇರುತ್ತವೆ. ನಮ್ಮ ಕಡೆ ಟಿ.ಬಿ. ಜಾಸ್ತಿ, ಹಾಗಾಗಿ ಎಲ್ಲರಿಗೂ ಮೊದಲು ಅದೇ ನೆನಪಾಗುತ್ತದೆ. ಅದು ತಪ್ಪೂ ಅಲ್ಲ. ಆದರೆ ಅಲ್ಲಿಗೇ ನಿಂತುಬಿಟ್ಟರೆ ತಪ್ಪು.

ಸರ್ಕಾರಿ ಆಸ್ಪತ್ರೆಯಲ್ಲಿ ಕಫದ ಪರೀಕ್ಷೆಗೆ ದುಡ್ಡಿಲ್ಲ. ಸಿಬಿನ್ಯಾಟ್ ಯಂತ್ರದಲ್ಲಿ ಹಾಕಿದರೆ ಟಿ.ಬಿ. ಇದೆಯೋ ಇಲ್ಲವೋ ಅಂತ ಬೇಗ ಗೊತ್ತಾಗುತ್ತದೆ. ಅದು ಬಂದರೆ ಟಿ.ಬಿ. ಮಾತ್ರೆ ಬೇಕೇ ಬೇಕು, ಒಂದು ದಿನವೂ ಬಿಡಬಾರದು. ಕಫದಲ್ಲಿ ಟಿ.ಬಿ. ಇಲ್ಲ, ನೆರಳು ದುಂಡಗಿದೆ, ಅಂಚು ಗೀಟು ಎಳೆದಂತೆ ಸ್ಪಷ್ಟ ಇದೆ, ಮನೆಯಲ್ಲಿ ಕುರಿ ನಾಯಿ ಇವೆ ಅಂದರೆ ಸಿ.ಟಿ. ಸ್ಕ್ಯಾನ್ ಬೇಕು ಅಂತ ಕೇಳಿ. ಟಿ.ಬಿ. ಮಾತ್ರೆಯಿಂದ ಈ ಹುಳುವಿಗೆ ಏನೂ ಆಗುವುದಿಲ್ಲ. ಆರು ತಿಂಗಳು ನುಂಗುತ್ತಾ ಕೂತರೆ ಗಡ್ಡೆ ಅಷ್ಟೂ ದಿನ ಬೆಳೆಯುತ್ತದೆ.

ಆದರೆ ಈಗಾಗಲೇ ಟಿ.ಬಿ. ಮಾತ್ರೆ ಶುರುವಾಗಿದ್ದರೆ, ಇದನ್ನು ಓದಿ ನೀವೇ ನಿಲ್ಲಿಸಬೇಡಿ. ಎರಡೂ ಕಾಯಿಲೆ ಒಟ್ಟಿಗೇ ಇರಬಹುದು. ಡಾಕ್ಟರನ್ನು ಕೇಳಿಯೇ ಮುಂದಿನದು.

ಡಾಕ್ಟರ ಹತ್ತಿರ ಹೋದಾಗ ಏನು ಹೇಳಬೇಕು?

ಈ ಪುಟದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ಓಪಿಡಿಯಲ್ಲಿ ಸಾಲು ಉದ್ದ ಇರುತ್ತದೆ, ಡಾಕ್ಟರಿಗೆ ಸಮಯ ಕಡಿಮೆ. ಅವರು ಕೇಳದೇ ಇದ್ದರೂ ನೀವೇ ಹೇಳಿ: "ಡಾಕ್ಟ್ರೇ, ನಮ್ಮ ಮನೆಯಲ್ಲಿ ಕುರಿ ಇವೆ, ನಾಯಿ ಇದೆ." ಈಗ ಇಲ್ಲದಿದ್ದರೆ ಚಿಕ್ಕಂದಿನಲ್ಲಿ ಇತ್ತಾ ಅನ್ನುವುದನ್ನು ಹೇಳಿ. ಕುರಿ ಹಿಂಡಿನ ಜೊತೆ ತಿರುಗಿದ್ದೀರಾ, ಕಸಾಯಿ ಕೆಲಸ ಮಾಡುತ್ತೀರಾ, ಮನೆಯಲ್ಲಿ ಯಾರಿಗಾದರೂ ಲಿವರ್‌ನಲ್ಲಿ ನೀರಿನ ಗಡ್ಡೆ ಅಂತ ಆಪರೇಷನ್ ಆಗಿದೆಯಾ, ಇದನ್ನೂ ಹೇಳಿ.

ಸುರಪುರ, ಶಹಾಪುರದ ಕಡೆಯಿಂದ ಹಿಂಡು ಕಟ್ಟಿಕೊಂಡು ತಿಂಗಳುಗಟ್ಟಲೆ ಹೊರಗಿರುವ ಕುರಿಗಾರರು ಆಸ್ಪತ್ರೆಯಲ್ಲಿ "ಏನು ಕೆಲಸ" ಅಂದರೆ "ಕೂಲಿ" ಅಂದುಬಿಡುತ್ತಾರೆ. ಕುರಿ ಕಾಯುತ್ತೇವೆ ಅನ್ನಲು ಸಂಕೋಚ. ಆ ಒಂದು ಮಾತು ಬಚ್ಚಿಟ್ಟರೆ ಡಾಕ್ಟರಿಗೆ ಈ ಕಾಯಿಲೆ ಹೊಳೆಯದೇ ಹೋಗಬಹುದು. ದಯವಿಟ್ಟು ಹೇಳಿ.

ಯಾವ ಯಾವ ಪರೀಕ್ಷೆ ಮಾಡುತ್ತಾರೆ?

ಮೊದಲನೆಯದು ಎದೆಯ ಎಕ್ಸ್‌ರೇ. ಒಡೆಯದ ಗಡ್ಡೆ ದುಂಡಗೆ, ಒಂದೇ ಸಮನಾಗಿ ಬೆಳ್ಳಗೆ ಕಾಣುತ್ತದೆ. ಬಲಗಡೆ, ಅದರಲ್ಲೂ ಕೆಳಭಾಗದಲ್ಲಿ ಜಾಸ್ತಿ. ಒಳಗೆ ಸ್ವಲ್ಪ ಗಾಳಿ ನುಗ್ಗಿದರೆ ಮೇಲಂಚಿನಲ್ಲಿ ಅರ್ಧಚಂದ್ರದ ಗೆರೆ ಬರುತ್ತದೆ. ಪೂರ್ತಿ ಒಡೆದು ಪೊರೆ ನೀರಿನ ಮೇಲೆ ತೇಲುತ್ತಿದ್ದರೆ ರಿಪೋರ್ಟ್‌ನಲ್ಲಿ "ವಾಟರ್ ಲಿಲಿ ಸೈನ್" ಅಂತ ಬರೆದಿರುತ್ತಾರೆ. ಅದು ಕಂಡರೆ ಹೈಡಾಟಿಡ್ ಅನ್ನುವುದು ಹೆಚ್ಚು ಕಡಿಮೆ ಖಾತ್ರಿ.

ಆಮೇಲೆ ಸಿ.ಟಿ. ಸ್ಕ್ಯಾನ್. ಗಡ್ಡೆಯ ಒಳಗಿರುವುದು ನೀರಾ ಗಟ್ಟಿ ಮಾಂಸವಾ, ಎಷ್ಟು ಗಡ್ಡೆ ಇವೆ, ದೊಡ್ಡ ರಕ್ತನಾಳಕ್ಕೆ ಎಷ್ಟು ಹತ್ತಿರ ಅಂತ ಸರ್ಜನ್‌ಗೆ ಗೊತ್ತಾಗುವುದು ಇದರಿಂದಲೇ. ಕ್ಯಾನ್ಸರ್, ಕೀವುಗಡ್ಡೆ, ಹುಟ್ಟಿನಿಂದ ಇರುವ ಗುಳ್ಳೆ, ಇವನ್ನು ಬೇರೆ ಮಾಡಲೂ ಇದು ಬೇಕು. ಹೊಟ್ಟೆಯ ಅಲ್ಟ್ರಾಸೌಂಡ್ ತಪ್ಪಿಸಬೇಡಿ. ಎದೆಯಲ್ಲಿ ಗಡ್ಡೆ ಇರುವ ಎಷ್ಟೋ ಜನರಿಗೆ ಲಿವರ್‌ನಲ್ಲೂ ಇರುತ್ತದೆ.

ಕೆಲವೊಮ್ಮೆ ದುರ್ಬೀನು ಹಾಕಿ ಶ್ವಾಸನಾಳ ನೋಡುತ್ತಾರೆ. ಎಲ್ಲರಿಗೂ ಬೇಕಿಲ್ಲ.

ರಕ್ತ ಪರೀಕ್ಷೆ ನೆಗೆಟಿವ್ ಬಂತು. ಹಾಗಾದರೆ ಹೈಡಾಟಿಡ್ ಇಲ್ಲ ಅಲ್ವಾ?

ಹಾಗೆ ಹೇಳಲು ಬರುವುದಿಲ್ಲ. ಎಲೈಸಾ ಅನ್ನುವ ಈ ಪರೀಕ್ಷೆ ಹುಳುವಿನ ವಿರುದ್ಧ ದೇಹ ಮಾಡಿಕೊಂಡ ಪ್ರತಿಕಾಯಗಳನ್ನು ಹುಡುಕುತ್ತದೆ. ಲಿವರ್ ಗಡ್ಡೆಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಶ್ವಾಸಕೋಶದ ಒಡೆಯದ ಗಡ್ಡೆ ಇದ್ದಾಗ ರಕ್ತದಲ್ಲಿ ಪ್ರತಿಕಾಯ ಏಳದೆಯೇ ಇರಬಹುದು. ಹಾಗಾಗಿ ಪಾಸಿಟಿವ್ ಬಂದರೆ ಅನುಮಾನಕ್ಕೆ ಬಲ ಬರುತ್ತದೆ. ನೆಗೆಟಿವ್ ಬಂದರೆ ಏನೂ ತೀರ್ಮಾನ ಆಗುವುದಿಲ್ಲ. ಸ್ಕ್ಯಾನ್ ಏನು ಹೇಳುತ್ತದೆ ಅನ್ನುವುದೇ ಮುಖ್ಯ. ರಕ್ತದಲ್ಲಿ ಇಯೊಸಿನೊಫಿಲ್ ಅನ್ನುವ ಬಿಳಿ ರಕ್ತಕಣ ಹೆಚ್ಚಿದೆಯಾ ಅಂತ ನೋಡುವುದಕ್ಕೂ ಇದೇ ಮಾತು. ಎಷ್ಟೋ ರೋಗಿಗಳಲ್ಲಿ ಅದು ಮಾಮೂಲಾಗಿಯೇ ಇರುತ್ತದೆ.

ಸೂಜಿ ಹಾಕಿ ನೀರು ತೆಗೆದು ಪರೀಕ್ಷೆ ಮಾಡಿದರೆ ಆಗಲ್ವಾ?

ಶ್ವಾಸಕೋಶದ ಗಡ್ಡೆಗೆ ಸೂಜಿ ಚುಚ್ಚುವುದು ಅಪಾಯ. ನೀರು ಸೋರಿದರೆ ಆಗಲೇ ಹೇಳಿದ ಅಲರ್ಜಿ ಆಗಬಹುದು, ಮರಿತಲೆಗಳು ಎದೆಯೊಳಗೆ ಚೆಲ್ಲಿ ಹೊಸ ಗಡ್ಡೆಗಳು ಹುಟ್ಟಬಹುದು. ಲಿವರ್‌ನ ಕೆಲವು ಗಡ್ಡೆಗಳಿಗೆ ಸೂಜಿಯಿಂದಲೇ ಚಿಕಿತ್ಸೆ ಇದೆ, ಅದು ನಿಜ. ಅದನ್ನು ಕೇಳಿದವರು ಎದೆಗೂ ಮಾಡಿ ಅನ್ನುತ್ತಾರೆ. ಎದೆಗೆ ಆ ಪದ್ಧತಿ ಇಲ್ಲ. ಯಾರಾದರೂ ಎದೆಯ ಗಡ್ಡೆಗೆ ಸೂಜಿ ಹಾಕೋಣ ಅಂದರೆ, "ಹೈಡಾಟಿಡ್ ಅಲ್ಲ ಅನ್ನುವುದು ಖಾತ್ರಿ ಆಗಿದೆಯಾ?" ಅಂತ ಕೇಳಲು ಹಿಂಜರಿಯಬೇಡಿ.

ಮಾತ್ರೆಯಲ್ಲೇ ಕರಗುತ್ತಾ, ಆಪರೇಷನ್ ಬೇಕೇ ಬೇಕಾ?

ಶ್ವಾಸಕೋಶದ ಗಡ್ಡೆಗೆ ಮುಖ್ಯ ಚಿಕಿತ್ಸೆ ಆಪರೇಷನ್ನೇ. ದೊಡ್ಡ ಗಡ್ಡೆ, ಒಡೆದ ಗಡ್ಡೆ, ಕೀವಾದ ಗಡ್ಡೆ ಇವಕ್ಕೆ ಬೇರೆ ದಾರಿ ಇಲ್ಲ. 5 ಸೆಂಟಿಮೀಟರ್‌ಗಿಂತ ಚಿಕ್ಕ ಗಡ್ಡೆ, ಆಪರೇಷನ್ ತಡೆಯಲಾಗದಷ್ಟು ಬಲಹೀನ ರೋಗಿ, ಎಲ್ಲವನ್ನೂ ತೆಗೆಯಲಾಗದಷ್ಟು ಗಡ್ಡೆಗಳು, ಇಂಥ ಸಂದರ್ಭದಲ್ಲಿ ಅಲ್ಬೆಂಡಜೋಲ್ ಮಾತ್ರೆಯಲ್ಲೇ ನೋಡುತ್ತಾರೆ. ಕೆಲವರಿಗೆ ಗಡ್ಡೆ ಮಾಯವಾಗುತ್ತದೆ, ಕೆಲವರಿಗೆ ಕುಗ್ಗುತ್ತದೆ, ಕೆಲವರಿಗೆ ಏನೂ ಬದಲಾಗುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ದೊಡ್ಡ ಗಡ್ಡೆ ಇದ್ದಾಗ ಆಪರೇಷನ್‌ಗೆ ಮೊದಲೇ ಅಲ್ಬೆಂಡಜೋಲ್ ತಿಂದರೆ ಗಡ್ಡೆಯ ಗೋಡೆ ಮೆತ್ತಗಾಗಿ ಒಡೆಯುವ ಭಯ ಇದೆ. ಅದಕ್ಕೇ ಎಷ್ಟೋ ಸರ್ಜನ್‌ಗಳು ಶ್ವಾಸಕೋಶದ ಗಡ್ಡೆಗೆ ಮಾತ್ರೆಯನ್ನು ಆಪರೇಷನ್ ಆದ ಮೇಲೆ ಶುರು ಮಾಡುತ್ತಾರೆ. ಔಷಧಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ ಅಂತ ನೀವೇ ತಂದು ನುಂಗಬೇಡಿ.

ಶಾಲೆಯಲ್ಲಿ ಮಕ್ಕಳಿಗೆ ಜಂತುಹುಳುವಿನ ಮಾತ್ರೆ ಕೊಟ್ಟಿದ್ದಾರಲ್ಲ, ಅದು ಸಾಲದಾ?

ಫೆಬ್ರವರಿ 10, ಆಗಸ್ಟ್ 10ರ ಜಂತುಹುಳು ನಿವಾರಣಾ ದಿನದಂದು ಕೊಡುವುದೂ ಅಲ್ಬೆಂಡಜೋಲ್ ಮಾತ್ರೆಯೇ. ಆದರೆ ಅದು ಒಂದೇ ಮಾತ್ರೆ, ಕರುಳಿನ ಹುಳುಗಳಿಗೆ. ಗಡ್ಡೆಯೊಳಗಿನ ಮರಿಗೆ ತಾಗಬೇಕಾದರೆ ತಿಂಗಳುಗಟ್ಟಲೆ ದಿನವೂ ತಿನ್ನಬೇಕು. ಶಾಲೆಯ ಮಾತ್ರೆಯನ್ನು ತಪ್ಪದೆ ಕೊಡಿಸಿ. ಅದರ ಕೆಲಸವೇ ಬೇರೆ ಅನ್ನುವುದು ಗೊತ್ತಿರಲಿ.

ಅಲ್ಬೆಂಡಜೋಲ್ ಬರೆದುಕೊಟ್ಟಿದ್ದಾರೆ. ಹೇಗೆ ತೆಗೆದುಕೊಳ್ಳಬೇಕು?

ದಿನಕ್ಕೆ ಎರಡು ಸಲ, ಊಟದ ಜೊತೆ. ಖಾಲಿ ಹೊಟ್ಟೆಯಲ್ಲಿ ತಿಂದರೆ ಮೈಗೆ ಹತ್ತುವುದು ಕಡಿಮೆ. ಎಣ್ಣೆ, ತುಪ್ಪ, ಶೇಂಗಾ ಹಿಂಡಿ ಇರುವ ಊಟದ ಜೊತೆ ತಿಂದರೆ ಚೆನ್ನಾಗಿ ಹತ್ತುತ್ತದೆ. ದೊಡ್ಡವರಿಗೆ ಸಾಮಾನ್ಯವಾಗಿ ಒಂದು ಸಲಕ್ಕೆ 400 ಮಿಲಿಗ್ರಾಂ. ಮಕ್ಕಳಿಗೆ ತೂಕ ನೋಡಿ ಡಾಕ್ಟರೇ ಲೆಕ್ಕ ಹಾಕುತ್ತಾರೆ. ಮೊದಲೆಲ್ಲ 28 ದಿನ ತಿಂದು 14 ದಿನ ಬಿಡಿ ಅನ್ನುತ್ತಿದ್ದರು. ಈಗ ಬಿಡದೆ ಕೊಡುವವರೇ ಜಾಸ್ತಿ. ನಿಮ್ಮ ಚೀಟಿಯಲ್ಲಿ ಏನಿದೆಯೋ ಅದನ್ನೇ ಪಾಲಿಸಿ.

ಮಾತ್ರೆ ನಡೆಯುವಾಗ ಲಿವರ್ ಪರೀಕ್ಷೆ, ರಕ್ತಕಣಗಳ ಲೆಕ್ಕ ಆಗಾಗ ಮಾಡಿಸಬೇಕು, ಮೊದಲ ತಿಂಗಳುಗಳಲ್ಲಿ ಎರಡು ವಾರಕ್ಕೊಮ್ಮೆ. ಕಣ್ಣು ಹಳದಿಯಾದರೆ, ಜ್ವರ ಬಿಡದಿದ್ದರೆ, ಗಂಟಲು ಹುಣ್ಣಾದರೆ ತಕ್ಷಣ ತೋರಿಸಿ. ಕೂದಲು ಉದುರಬಹುದು, ಮಾತ್ರೆ ನಿಂತ ಮೇಲೆ ಮತ್ತೆ ಬರುತ್ತದೆ. ಹೊಟ್ಟೆನೋವು, ವಾಕರಿಕೆ ಇದ್ದರೆ ಹೇಳಿ.

ಗರ್ಭಿಣಿ ತಿನ್ನಬಹುದಾ?

ಬೇಡ, ಅದರಲ್ಲೂ ಮೊದಲ ಮೂರು ತಿಂಗಳು. ಮಾತ್ರೆ ನಡೆಯುವಾಗ ಮತ್ತು ನಿಂತ ಮೇಲೆ ಒಂದು ತಿಂಗಳು ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು. ಮುಟ್ಟು ತಪ್ಪಿದ್ದರೆ ಮಾತ್ರೆ ಶುರು ಮಾಡುವ ಮೊದಲೇ ಹೇಳಿಬಿಡಿ.

ಆಪರೇಷನ್‌ನಲ್ಲಿ ಏನು ಮಾಡುತ್ತಾರೆ? ಶ್ವಾಸಕೋಶ ತೆಗೆದುಹಾಕುತ್ತಾರಾ?

ಹೆಚ್ಚಿನವರಿಗೆ ಇಲ್ಲ. ಹುಳುವಿನ ಚೀಲ ತೆಗೆದು ಶ್ವಾಸಕೋಶ ಉಳಿಸುವುದೇ ಗುರಿ. ಸುತ್ತಲಿನ ಶ್ವಾಸಕೋಶ ಸುಮ್ನೆ ಒತ್ತಿಕೊಂಡಿರುತ್ತದೆ, ಸತ್ತಿರುವುದಿಲ್ಲ. ಚೀಲ ಹೋದ ಮೇಲೆ ಅದು ಮತ್ತೆ ಅರಳುತ್ತದೆ, ಮಕ್ಕಳಲ್ಲಂತೂ ಚೆನ್ನಾಗಿ ಅರಳುತ್ತದೆ.

ಪೂರ್ತಿ ಅರಿವಳಿಕೆ ಕೊಟ್ಟು, ಎರಡೂ ಶ್ವಾಸಕೋಶಕ್ಕೆ ಬೇರೆ ಬೇರೆ ಗಾಳಿ ಹೋಗುವ ಕೊಳವೆ ಹಾಕುತ್ತಾರೆ. ಆಪರೇಷನ್ ನಡುವೆ ಗಡ್ಡೆ ಒಡೆದರೂ ನೀರು ಇನ್ನೊಂದು ಕಡೆಗೆ ಹೋಗಬಾರದು ಅಂತ. ಪಕ್ಕೆಲುಬಿನ ನಡುವೆ ಎದೆ ತೆರೆದು, ಗಡ್ಡೆಯ ಸುತ್ತ ಗಾಢ ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆ ಇಡುತ್ತಾರೆ. ಆ ಉಪ್ಪುನೀರು ಮರಿತಲೆಗಳನ್ನು ಕೊಲ್ಲುತ್ತದೆ. ಆಮೇಲೆ ಚೀಲವನ್ನು ಇಡಿಯಾಗಿ ಬಿಡಿಸುತ್ತಾರೆ, ಇಲ್ಲವೇ ನೀರು ಎಳೆದು ಪೊರೆ ತೆಗೆಯುತ್ತಾರೆ. ಖಾಲಿಯಾದ ಜಾಗದಲ್ಲಿ ಶ್ವಾಸನಾಳದ ಸಣ್ಣ ಬಾಯಿಗಳು ತೆರೆದಿರುತ್ತವೆ. ಅವನ್ನು ಒಂದೊಂದಾಗಿ ಹೊಲಿಯಬೇಕು. ಇದನ್ನು ಎಷ್ಟು ಚೆನ್ನಾಗಿ ಮಾಡುತ್ತಾರೋ ಆಮೇಲೆ ಗಾಳಿ ಸೋರುವುದು ಅಷ್ಟು ಕಡಿಮೆ. ಕೊನೆಗೆ ಪೊಳ್ಳು ಜಾಗವನ್ನು ಹೊಲಿದು ಮುಚ್ಚುವುದೂ ಉಂಟು. ಕೆಲವು ಕಡೆ ಇದನ್ನೇ ದುರ್ಬೀನಿನಲ್ಲಿ, ಸಣ್ಣ ತೂತುಗಳಿಂದ ಮಾಡುತ್ತಾರೆ. ಎಲ್ಲ ಗಡ್ಡೆಗೂ ಅದು ಒಗ್ಗುವುದಿಲ್ಲ.

ಕೀವಾಗಿ ಆ ಭಾಗವೇ ಹಾಳಾಗಿದ್ದರೆ ಮಾತ್ರ ಶ್ವಾಸಕೋಶದ ಒಂದು ತುಂಡನ್ನು ತೆಗೆಯಬೇಕಾಗುತ್ತದೆ. ಎರಡೂ ಕಡೆ ಗಡ್ಡೆ ಇದ್ದರೆ ಹೆಚ್ಚಾಗಿ ಒಂದಾದ ಮೇಲೆ ಒಂದು, ಎರಡು ಸಲ ಮಾಡುತ್ತಾರೆ. ಬಲಗಡೆಯ ಗಡ್ಡೆಯ ಜೊತೆ ಲಿವರ್ ತಲೆಭಾಗದಲ್ಲೂ ಗಡ್ಡೆ ಇದ್ದರೆ ಒಂದೇ ಸಲಕ್ಕೆ ಎರಡನ್ನೂ ತೆಗೆಯಲು ಆಗಬಹುದು.

ಎಚ್ಚರವಾದಾಗ ಪಕ್ಕೆಯಲ್ಲಿ ಒಂದು ನಳಿಕೆ, ಕೆಳಗೆ ಬಾಟಲಿ ಇರುತ್ತದೆ. ನೋಡಿ ಹೆದರಬೇಡಿ. ಒಳಗಿನ ಗಾಳಿ, ನೀರು ಹೊರಬಂದು ಶ್ವಾಸಕೋಶ ಅರಳಲಿ ಅಂತ ಅದು. ಉಸಿರಾಟದ ವ್ಯಾಯಾಮ ನೋವಾದರೂ ಬಿಡಬೇಡಿ.

ಆಪರೇಷನ್ ತಾರೀಖು ಸಿಗುವ ತನಕ ಏನು ಎಚ್ಚರ?

ಎದೆಗೆ ಪೆಟ್ಟು ಬೀಳಬಾರದು. ಕುಸ್ತಿ, ಕಬಡ್ಡಿ ಬೇಡ. ಚೀಲ ಹೊರುವ ಹಮಾಲಿ ಕೆಲಸ, ದಾರಿ ಇಲ್ಲದ ಹೊಲದಲ್ಲಿ ಟ್ರ್ಯಾಕ್ಟರ್ ಮೇಲೆ ಕುಲುಕಾಡುವುದು ಬೇಡ. ನೋವು ಅಂತ ಎದೆ ತಿಕ್ಕಿಸಬೇಡಿ. ಮಕ್ಕಳಿಗೆ ಬರೆ ಹಾಕಿಸುವುದು ಇನ್ನೂ ಕೆಲವು ಊರಲ್ಲಿ ಇದೆ. ಆ ಸುಟ್ಟ ಗಾಯದಿಂದ ಹುಳುವಿಗೆ ಏನೂ ಆಗುವುದಿಲ್ಲ, ಮಗುವಿಗೆ ಮಾತ್ರ ನೋವು, ಮೇಲೆ ಸೋಂಕು. ದಯವಿಟ್ಟು ಬೇಡ. ಬೀಡಿ, ಸಿಗರೇಟು ಇವತ್ತೇ ಬಿಡಿ, ಅರಿವಳಿಕೆ ಸುಲಭ ಆಗುತ್ತದೆ.

ಎಲ್ಲಿ ತೋರಿಸಬೇಕು? ಖರ್ಚಿಗೆ ಏನು ಮಾಡುವುದು?

ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್, ಮೂರೂ ಸರ್ಕಾರಿ ಮೆಡಿಕಲ್ ಕಾಲೇಜುಗಳು. ತಪಾಸಣೆಯನ್ನು ಅಲ್ಲಿಂದ ಶುರು ಮಾಡಿ. ಎದೆಯ ಆಪರೇಷನ್ ಮಾಡುವ ಸರ್ಜನ್ ಇದ್ದಾರಾ ಅಂತ ಅಲ್ಲೇ ಕೇಳಿ. ಇಲ್ಲದಿದ್ದರೆ ಎಲ್ಲಿಗೆ ಕಳಿಸುತ್ತಾರೆ ಅಂತ ಬರೆಸಿಕೊಳ್ಳಿ. ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಸರ್ಕಾರದ್ದೇ.

ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಸಿಗುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಆಧಾರ್, ರೇಷನ್ ಕಾರ್ಡ್ ಜೊತೆಗಿರಲಿ. ಸೊಲ್ಲಾಪುರ, ಹೈದರಾಬಾದ್ ನಮಗೆ ಹತ್ತಿರ ಅಂತ ನೇರ ಅಲ್ಲಿಗೆ ಓಡುವವರು ಬಹಳ. ಹೊಲ ಒತ್ತೆ ಇಡುವ ಮೊದಲು ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರ ಹತ್ತಿರ ಕೂತು, ಯೋಜನೆ ಎಲ್ಲಿ ನಡೆಯುತ್ತದೆ ಅಂತ ಒಮ್ಮೆ ಕೇಳಿ. ಒಡೆಯದ ಗಡ್ಡೆಗೆ ಅಷ್ಟು ಕೇಳುವ ಸಮಯ ಇರುತ್ತದೆ.

ಒಮ್ಮೆ ತೆಗೆದ ಮೇಲೆ ಮತ್ತೆ ಬರುತ್ತಾ?

ಬರಬಹುದು. ಆಪರೇಷನ್‌ನಲ್ಲಿ ಹನಿ ಚೆಲ್ಲಿದ್ದರೆ, ಕಣ್ಣಿಗೆ ಬೀಳದ ಚಿಕ್ಕ ಗಡ್ಡೆ ಉಳಿದಿದ್ದರೆ, ಅಥವಾ ಅದೇ ನಾಯಿಯಿಂದ ಹೊಸದಾಗಿ ತಗುಲಿದರೆ. ಅದಕ್ಕೇ ಆಪರೇಷನ್ ನಂತರವೂ ಕೆಲವರಿಗೆ ಮಾತ್ರೆ ಕೊಡುತ್ತಾರೆ, ಕೆಲವು ವರ್ಷ ಎಕ್ಸ್‌ರೇ, ಸ್ಕ್ಯಾನ್ ಮಾಡಿಸುತ್ತಿರಿ ಅನ್ನುತ್ತಾರೆ. ಎಲೈಸಾ ಮಾತ್ರ ಗುಣವಾದ ಮೇಲೂ ಬಹಳ ಕಾಲ ಪಾಸಿಟಿವ್ ಇರಬಹುದು. ಅದೊಂದನ್ನೇ ನೋಡಿ ಹೆದರಬೇಡಿ.

ನಮ್ಮವರು ಎಷ್ಟೋ ಜನ ಮುಂಬೈ, ಪುಣೆ, ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ತಪಾಸಣೆ ತಪ್ಪುವುದೇ ಆಗ. ಡಿಸ್ಚಾರ್ಜ್ ಚೀಟಿ, ಹಳೆಯ ಎಕ್ಸ್‌ರೇಯ ಫೋಟೋ ತೆಗೆದು ಮನೆಯ ಇಬ್ಬರ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಹಳೆಯದಿದ್ದರೆ ತಾನೆ ಹೊಸದು ಯಾವುದು ಅಂತ ಗೊತ್ತಾಗುವುದು.

ನಾಯಿಯನ್ನು ಬಿಟ್ಟುಬಿಡಬೇಕಾ? ರೇಬಿಸ್ ಲಸಿಕೆ ಹಾಕಿಸಿದ್ದೇವೆ.

ನಾಯಿಯನ್ನು ಓಡಿಸಬೇಡಿ, ಹೊಡೆಯಬೇಡಿ. ಓಡಿಸಿದ ನಾಯಿ ಊರಲ್ಲೇ ತಿರುಗಿ ತತ್ತಿ ಹಾಕುತ್ತದೆ. ಔಷಧಿ ಹಾಕಿದ ನಾಯಿ ನಿಮ್ಮನ್ನೂ ಕಾಯುತ್ತದೆ, ಹಿಂಡನ್ನೂ ಕಾಯುತ್ತದೆ. ರೇಬಿಸ್ ಲಸಿಕೆ ಬೇಕು, ಆದರೆ ಅದಕ್ಕೂ ಈ ಹುಳುವಿಗೂ ಸಂಬಂಧ ಇಲ್ಲ.

ಈ ಹುಳುವಿಗೆ ಬೇಕಾದ ಔಷಧಿ ಪ್ರಾಜಿಕ್ವಾಂಟೆಲ್. ನಾಯಿಯ ತೂಕ 10 ಕಿಲೋ ಇದ್ದರೆ 50 ಮಿಲಿಗ್ರಾಂ. ನಾಯಿಯ ಜಂತುಹುಳು ಮಾತ್ರೆ ಅಂತ ಸಿಗುವ ಎಲ್ಲದರಲ್ಲೂ ಇದು ಇರುವುದಿಲ್ಲ. ಪಶುವೈದ್ಯರನ್ನು ಹೆಸರು ಹಿಡಿದು ಕೇಳಿ. ವರ್ಷಕ್ಕೆ ಕನಿಷ್ಠ ನಾಲ್ಕು ಸಲ ಹಾಕಿ. ಕುರಿ ಕೊಯ್ಯುವ ಜಾಗದ ಹತ್ತಿರ ತಿರುಗುವ ನಾಯಿಯಾದರೆ ಆರು ವಾರಕ್ಕೊಮ್ಮೆ ಹಾಕಿದರೆ ತತ್ತಿ ಹಾಕುವ ಮೊದಲೇ ಹುಳು ಸಾಯುತ್ತದೆ. ಈ ಔಷಧಿ ಹುಳು ಕೊಲ್ಲುತ್ತದೆ, ತತ್ತಿ ಕೊಲ್ಲುವುದಿಲ್ಲ. ಹಾಗಾಗಿ ಹಾಕಿದ ಮೇಲೆ ಎರಡು ಮೂರು ದಿನ ನಾಯಿಯನ್ನು ಕಟ್ಟಿಹಾಕಿ, ಅದರ ಮಲವನ್ನು ಸುಟ್ಟು ಅಥವಾ ಆಳವಾಗಿ ಹೂತುಬಿಡಿ. ನಾಯಿ ಗಟ್ಟಿಮುಟ್ಟಾಗಿದೆ, ಮಲದಲ್ಲಿ ಹುಳು ಕಾಣುವುದಿಲ್ಲ ಅಂತ ಸುಮ್ಮನಿರಬೇಡಿ. ಈ ಹುಳು ಇದ್ದರೂ ನಾಯಿ ಚೆನ್ನಾಗಿಯೇ ಇರುತ್ತದೆ.

ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರುವುದೇ ಬೀದರಿನ ನಂದಿನಗರದಲ್ಲಿ. ಇಷ್ಟು ಹತ್ತಿರ ಇರುವ ತಿಳಿವಳಿಕೆ ಪ್ರತಿ ಕುರಿಹಟ್ಟಿಗೂ ತಲುಪಬೇಕು ಅನ್ನುವುದು ನನ್ನ ಆಸೆ. ಪಂಚಾಯಿತಿಯಲ್ಲಿ ಕೇಳಿ, ಊರಿನ ಎಲ್ಲ ನಾಯಿಗೂ ಒಂದೇ ದಿನ ಔಷಧಿ ಹಾಕಿಸಿ. ನ್ಯೂಜಿಲೆಂಡಿನಲ್ಲಿ ಒಂದು ಕಾಲಕ್ಕೆ ಈ ಕಾಯಿಲೆ ಬಹಳ ಇತ್ತು. ನಾಯಿಗೆ ಔಷಧಿ, ಕುರಿಯ ಒಳಭಾಗ ನಾಯಿಗೆ ಹಾಕದಿರುವುದು, ಇವನ್ನೇ ದಶಕಗಳ ಕಾಲ ಬಿಡದೆ ಮಾಡಿ 2002ರಲ್ಲಿ ಕಾಯಿಲೆ ಹೋಯಿತು ಅಂತ ಘೋಷಿಸಿದರು. ಐಸ್‌ಲ್ಯಾಂಡ್ ಅದಕ್ಕೂ ಮೊದಲೇ ಗೆದ್ದಿತ್ತು.

ಕಂದೂರಿ, ಜಾತ್ರೆ, ಬಕ್ರೀದ್‌ಗೆ ಕುರಿ ಕೊಯ್ದಾಗ ಏನು ನೋಡಬೇಕು?

ಕಲೇಜಿ, ಶ್ವಾಸಕೋಶದಲ್ಲಿ ನೀರಿನ ಗುಳ್ಳೆ ಇದೆಯಾ ನೋಡಿ. ಇದ್ದರೆ ಕತ್ತರಿಸಿ ಎಸೆಯಬೇಡಿ, ಒಡೆಯಬೇಡಿ. ನಾಯಿಗಂತೂ ಹಾಕಲೇಬೇಡಿ. ನಾಯಿ ಕೆದರಲಾಗದಷ್ಟು ಆಳದ ಗುಂಡಿ ತೋಡಿ, ಮೇಲೆ ಕಲ್ಲು ಹೇರಿ ಮುಚ್ಚಿ, ಇಲ್ಲವೇ ಸುಟ್ಟುಬಿಡಿ. ಗುಳ್ಳೆ ಕಾಣದ ಒಳಭಾಗವನ್ನು ನಾಯಿಗೆ ಹಾಕಲೇಬೇಕು ಅಂದರೆ ಕನಿಷ್ಠ ಅರ್ಧ ಗಂಟೆ ಕೊತಕೊತ ಕುದಿಸಿ ಹಾಕಿ. ಹೊಟ್ಟೆಯ ಕೊಬ್ಬಿನ ಪೊರೆಗೆ ಜೋತುಬಿದ್ದ ತೆಳು ಗುಳ್ಳೆ ಸಾಮಾನ್ಯವಾಗಿ ಬೇರೆ ಲಾಡಿಹುಳುವಿನದು. ಅದನ್ನೂ ನಾಯಿಗೆ ಹಾಕಬೇಡಿ, ಅದರ ಸುತ್ತೂ ನಾಯಿಯಿಂದಲೇ ನಡೆಯುತ್ತದೆ.

ಒಂದೇ ದಿನ ಬಹಳ ಕುರಿ ಕೊಯ್ಯುವ ಕಡೆ ಗುಂಡಿಯನ್ನು ಹಿಂದಿನ ದಿನವೇ ತೋಡಿಸಿ. ಆ ಗದ್ದಲದಲ್ಲಿ ಯಾರಿಗೂ ಗುಂಡಿಯ ನೆನಪು ಬರುವುದಿಲ್ಲ. ಸತ್ತ ಕುರಿಯನ್ನು ಹಳ್ಳಕ್ಕೆ ಎಸೆಯುವುದೂ ಇದೇ ತಪ್ಪು.

ತಪ್ಪಲು ಹೇಗೆ ತೊಳೆಯಬೇಕು? ಸ್ಯಾನಿಟೈಸರ್ ಹಚ್ಚಿಕೊಂಡರೆ ಸಾಲದಾ?

ಸ್ಯಾನಿಟೈಸರ್‌ನಿಂದ ಈ ತತ್ತಿ ಸಾಯುವುದಿಲ್ಲ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಕೈ ಉಜ್ಜಿದರೆ ತತ್ತಿ ಜಾರಿ ಹೋಗುತ್ತದೆ. ನಾಯಿ ಮುಟ್ಟಿದ ಮೇಲೆ, ಕುರಿ ದೊಡ್ಡಿ ಗುಡಿಸಿದ ಮೇಲೆ, ಹೊಲದಲ್ಲಿ ರೊಟ್ಟಿ ಗಂಟು ಬಿಚ್ಚುವ ಮೊದಲು ತೊಳೆಯಿರಿ. ಮಕ್ಕಳ ಉಗುರು ಕತ್ತರಿಸಿರಲಿ, ನಾಯಿ ಅವರ ಮುಖ ನೆಕ್ಕದಂತೆ ನೋಡಿ.

ತಪ್ಪಲನ್ನು ಬುಟ್ಟಿಯಲ್ಲಿ ಒಮ್ಮೆ ಅದ್ದಿ ತೆಗೆದರೆ ಸಾಲದು. ಬೇರು ತೆಗೆದು, ಎಲೆ ಬಿಡಿಸಿ, ಸುರಿಯುವ ನೀರಿನಲ್ಲಿ ಎರಡು ಮೂರು ಸಲ ತಿಕ್ಕಿ ತೊಳೆಯಿರಿ. ಬೇಯಿಸಿದರೆ ತತ್ತಿ ಸಾಯುತ್ತದೆ, ಹಾಗಾಗಿ ಎಳ್ಳಮಾವಾಸ್ಯೆಯ ಭಜ್ಜಿಗೆ ಭಯ ಇಲ್ಲ. ಫ್ರಿಜ್‌ನಲ್ಲಿ ಇಟ್ಟರೆ ಸಾಯುವುದಿಲ್ಲ. ನಾಯಿ ಬಾಯಿ ಹಾಕುವ ಹಳ್ಳ, ತೊಟ್ಟಿಯ ನೀರನ್ನು ಕುದಿಸಿ ಕುಡಿಯಿರಿ.

ಗುಣವಾದ ಮೇಲೆ ಮತ್ತೆ ಕುರಿ ಕಾಯಲು ಹೋಗಬಹುದಾ?

ಹೋಗಬಹುದು. ಎದೆಯ ಗಾಯ ಮಾಗಿ, ಭಾರ ಎತ್ತಬಹುದು ಅಂತ ಸರ್ಜನ್ ಹೇಳುವ ತನಕ ತಡೆಯಿರಿ. ಅಷ್ಟರೊಳಗೆ ಹಿಂಡಿನ ನಾಯಿಗಳಿಗೆಲ್ಲ ಪ್ರಾಜಿಕ್ವಾಂಟೆಲ್ ಬಿದ್ದಿರಲಿ. ಹೊರಡುವಾಗ ಚೀಲದಲ್ಲಿ ಒಂದು ಸೋಪು, ನಾಯಿಯ ಮುಂದಿನ ಸಲದ ಮಾತ್ರೆ, ನಿಮ್ಮ ಡಿಸ್ಚಾರ್ಜ್ ಚೀಟಿಯ ನಕಲು ಇಟ್ಟುಕೊಳ್ಳಿ. ಹಿಂಡು ಎಲ್ಲೇ ಇದ್ದರೂ ಮುಂದಿನ ಎಕ್ಸ್‌ರೇ ತಾರೀಖಿಗೆ ಊರಿಗೆ ಬನ್ನಿ. ಬರಲು ಆಗದಿದ್ದರೆ ಆ ತಾಲೂಕು ಆಸ್ಪತ್ರೆಯಲ್ಲೇ ತೆಗೆಸಿ, ಫೋಟೋವನ್ನು ನಿಮ್ಮ ಡಾಕ್ಟರಿಗೆ ಕಳಿಸಿ.